ಮೂಡಿಗೆರೆಗೆ ಬಂದ ಮೇಲೆ ಉಪ್ಪೂ ನೀರಾಯಿತು: ಮಳೆಗಾಲದ ಅಡುಗೆಮನೆಗೆ ನಿಮ್ಮ ಉಪಾಯ ಹೇಳಿ

ಅರಸೀಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದು ಅರಸೀಕೆರೆ ಕಡೆ. ತೆಂಗಿನ ತೋಟ, ಬಿಸಿಲು. ಬೆಳಿಗ್ಗೆ ಅಂಗಳಕ್ಕೆ ಹರಡಿದ ಮೆಣಸಿನಕಾಯಿ ಸಂಜೆಗೆ ಗಲಗಲ ಅನ್ನುವ ಊರು. ಮದುವೆಯಾಗಿ ಮೂಡಿಗೆರೆ ಹತ್ತಿರ ಬಂದಿದ್ದೇನೆ, ಇದು ಮೊದಲನೇ ಮಳೆಗಾಲ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅಂತ ಗಾದೆ ಕೇಳಿದ್ದೆ. ಈಗ ನೋಡುತ್ತಿದ್ದೇನೆ.

ಮೊನ್ನೆ ಸಾರಿಗೆ ಉಪ್ಪು ಹಾಕೋಣ ಅಂತ ಭರಣಿ ಮುಚ್ಚಳ ತೆಗೆದರೆ ಒಳಗೆ ಚಮಚ ಮುಳುಗುವಷ್ಟು ನೀರು! ಕಾಫಿ ಪುಡಿ ಹೆಂಟೆ ಕಟ್ಟಿದೆ. ಚಪಾತಿ ಮಣೆ ಹಿಂಭಾಗಕ್ಕೆ ಹಸಿರು ಬೂಷ್ಟು. ದೋಸೆ ಹಿಟ್ಟು ರುಬ್ಬಿ 16 ಗಂಟೆ ಕಾದರೂ ಪಾತ್ರೆಯಲ್ಲಿ ಇದ್ದಲ್ಲೇ ಇದೆ, ಒಂದು ಗುಳ್ಳೆ ಇಲ್ಲ. ಕಬ್ಬಿಣದ ಕಾವಲಿ ಎರಡು ದಿನ ಬಿಟ್ಟರೆ ಕೆಂಪು ತುಕ್ಕು.

ಅತ್ತೆ ನಾದಿನಿಯ ಬಾಣಂತನಕ್ಕೆ ಹೋಗಿದ್ದಾರೆ, ಬರುವುದು ಎರಡು ತಿಂಗಳು. ಫೋನ್ ಮಾಡಿ ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: "ಒಲೆ ಹತ್ತಿರ ಇಡಮ್ಮ." ಯಾವ ಒಲೆ? ನಮ್ಮ ಅಡುಗೆಮನೆಯಲ್ಲಿ ಇರುವುದು ಗ್ಯಾಸ್ ಸ್ಟವ್. ಇನ್ನೊಂದು ಸಲ ಕೇಳೋಕೆ ಸಂಕೋಚ.

ರೀಲ್ಸ್ ನೋಡಿ ಮಾಡಿದ್ದೆಲ್ಲ ಕೈಕೊಟ್ಟಿದೆ. ದಿನಾ ಅಡುಗೆ ಮಾಡುವವರು ಹೇಳಿ. ಕೆಲಸ ಹಗುರ ಆಗುವ ಸಣ್ಣಪುಟ್ಟ ಉಪಾಯ ಏನಿದ್ದರೂ ಸರಿ.

ಹಂಡೆ ಒಲೆ

ಅಯ್ಯೋ ತಂಗಿ, ನಿಮ್ಮತ್ತೆ ಹೇಳಿದ್ದು ಅಡುಗೆಮನೆ ಒಲೆಯಲ್ಲ, ಬಚ್ಚಲು ಒಲೆ! ಮಲೆನಾಡಿನ ಮನೆಯಲ್ಲಿ ಮಳೆಗಾಲ ಪೂರ್ತಿ ಬೆಚ್ಚಗಿರುವ ಜಾಗ ಅಂದರೆ ಅದೊಂದೇ. ನಿಮ್ಮ ಮನೆಯಲ್ಲಿ ಸ್ನಾನಕ್ಕೆ ಹಂಡೆ ಕಾಯಿಸುತ್ತೀರಿ ತಾನೆ? ಆ ಹಂಡೆ ಕೂರಿಸಿದ ಕಟ್ಟೆ ಮುಟ್ಟಿ ನೋಡಿ. ಬೆಂಕಿ ಆರಿ ನಾಲ್ಕು ಗಂಟೆ ಆದರೂ ಬೆಚ್ಚಗೆ ಇರುತ್ತದೆ.

ನಾನು ಮಾಡುವುದು ಹೀಗೆ. ರಾತ್ರಿ ಊಟ ಆದ ಮೇಲೆ ಹಂಡೆಗೆ ಎರಡು ಕೊರಡು ಹಾಕಿ ನೀರು ಕಾಯಿಸಿ, ಕೆಂಡ ಒಳಗೆ ತಳ್ಳಿ ಬೂದಿ ಮುಚ್ಚುತ್ತೇನೆ. ಕಟ್ಟೆಯ ಮೇಲೆ ಒಂದು ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಹಿಟ್ಟಿನ ಪಾತ್ರೆ. ನೇರವಾಗಿ ಕಲ್ಲಿನ ಮೇಲೆ ಇಟ್ಟರೆ ತಳದ ಹಿಟ್ಟು ಬೆಂದುಬಿಡುತ್ತದೆ, ಒಂದು ಸಲ ಹಾಗೆ ಆಗಿ ಅರ್ಧ ಪಾತ್ರೆ ಇಡ್ಲಿ ತಳದಲ್ಲೇ ತಯಾರಾಗಿತ್ತು. ಪಾತ್ರೆ ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ತಟ್ಟೆ ಸುಮ್ನೆ ಮುಚ್ಚಿದರೆ ಸಾಕು.

ಉದ್ದು ನೆನೆಸುವಾಗ ಒಂದು ಚಮಚ ಮೆಂತ್ಯ ಹಾಕಿ. ರುಬ್ಬಿದ್ದನ್ನು ಸೌಟಿನಲ್ಲಿ ಅಲ್ಲ, ಕೈಯಲ್ಲಿ ಕಲಸಿ. ಹಳೇ ಹಿಟ್ಟು ಒಂದು ಸೌಟು ಉಳಿದಿದ್ದರೆ ಅದನ್ನೂ ಸೇರಿಸಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಮಳೆಗಾಲದಲ್ಲಿ ನಾನು ಉಪ್ಪು ಬೆಳಿಗ್ಗೆ ಹಾಕುತ್ತೇನೆ.

ಉಪ್ಪಿನ ಮರಿಗೆ ಇದೆಯಾ ನೋಡಿ ಮನೆಯಲ್ಲಿ. ಮರದ್ದು, ದಪ್ಪ ಅಂಚಿನದು. ಅಟ್ಟದ ಮೇಲೆ ಎಲ್ಲೋ ಇರುತ್ತದೆ. ಹಿಂದೆ ಅದನ್ನು ಒಲೆ ಪಕ್ಕದಲ್ಲೇ ಇಡುತ್ತಿದ್ದರು. ಭರಣಿ ಬೇಡ ಅಂತಲ್ಲ, ಅದನ್ನು ತಣ್ಣನೆ ಗೋಡೆ ಪಕ್ಕದ ಶೆಲ್ಫಿನಲ್ಲಿ ಇಟ್ಟರೆ ನೀರಾಗದೆ ಏನಾಗುತ್ತದೆ?

ರಸಾಯನ ಮೇಷ್ಟ್ರು

ಅಕ್ಕ ಹೇಳಿದ್ದು ಸರಿ. ಸ್ವಲ್ಪ ಕಾರಣ ಸೇರಿಸುತ್ತೇನೆ, ಪಾಠ ಮಾಡಿದೆ ಅಂದುಕೊಳ್ಳಬೇಡಿ, ನಿವೃತ್ತಿಯಾದರೂ ಚಟ ಹೋಗಿಲ್ಲ.

ಶುದ್ಧ ಉಪ್ಪು ಅಷ್ಟು ಸುಲಭಕ್ಕೆ ನೀರು ಎಳೆಯುವುದಿಲ್ಲ. ಕಲ್ಲುಪ್ಪಿನಲ್ಲಿ ಸಮುದ್ರದ ನೀರಿನಿಂದ ಬಂದ ಮೆಗ್ನೀಸಿಯಂ ಕ್ಲೋರೈಡ್ ಸ್ವಲ್ಪ ಇರುತ್ತದೆ. ಗಾಳಿಯ ತೇವ ಎಳೆಯುವುದು ಅದು. ಪುಡಿ ಉಪ್ಪಿಗೆ ಗಂಟು ಕಟ್ಟದ ಹಾಗೆ ಬೇರೆ ಪದಾರ್ಥ ಸೇರಿಸಿರುತ್ತಾರೆ, ಅದಕ್ಕೇ ಅದು ಕಲ್ಲುಪ್ಪಿಗಿಂತ ತಡೆಯುತ್ತದೆ. ಬಾಣಲೆಯಲ್ಲಿ ಹುರಿದಿಟ್ಟರೆ ನಾಲ್ಕು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಅಕ್ಕಿ ಕಾಳು ಹಾಕುವುದು ಪುಡಿ ಉಪ್ಪಿನ ಸಣ್ಣ ಡಬ್ಬಿಗೆ ಸರಿ, ಭರಣಿಗೆ ಅದರ ಕೈಯಲ್ಲಿ ಆಗುವುದಿಲ್ಲ. ತಿಂಗಳ ಉಪ್ಪನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು ವಾರಕ್ಕೆ ಬೇಕಾದಷ್ಟು ಹೊರಗೆ ತೆಗೆಯಿರಿ.

ಹಿಟ್ಟಿನ ವಿಷಯ. ಹುದುಗು ಬರಿಸುವ ಸೂಕ್ಷ್ಮಜೀವಿಗಳಿಗೆ 30 ಡಿಗ್ರಿ ಆಸುಪಾಸು ಹಿತ. ಅಷ್ಟಿದ್ದರೆ 8–10 ಗಂಟೆಯಲ್ಲಿ ಉಬ್ಬುತ್ತದೆ. ಜುಲೈನಲ್ಲಿ ನಿಮ್ಮ ಅಡುಗೆಮನೆ 20ರ ಹತ್ತಿರ ಇರುತ್ತದೆ. ಅವು ಸತ್ತಿಲ್ಲ, ಕಂಬಳಿ ಹೊದ್ದು ಮಲಗಿವೆ.

ರೀಲ್ಸ್ ವಿಷಯ ಎತ್ತಿದ್ದಕ್ಕೆ ಒಂದು ಮಾತು. ಅಡಿಗೆ ಸೋಡಾ ಮತ್ತು ವಿನೆಗರ್ ಸೇರಿಸಿ ಸಿಂಕಿಗೆ, ತಳ ಹತ್ತಿದ ಪಾತ್ರೆಗೆ ಸುರಿಯುವುದನ್ನು ತೋರಿಸುತ್ತಾರಲ್ಲ, ಬುಸ್ ಅಂತ ನೊರೆ ಬರುತ್ತದೆ, ನೋಡೋಕೆ ಚೆಂದ. ಒಂದು ಕ್ಷಾರ, ಒಂದು ಆಮ್ಲ. ಸೇರಿದರೆ ಒಂದರ ಕೆಲಸ ಇನ್ನೊಂದು ಕೆಡಿಸುತ್ತದೆ, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಜಿಡ್ಡಿಗೆ ಸೋಡಾ ಒಂದೇ ಹಾಕಿ. ಬೋರ್‌ವೆಲ್ ನೀರಿನ ಬಿಳಿ ಪದರಕ್ಕೆ ವಿನೆಗರ್ ಅಥವಾ ಹುಣಸೆಹಣ್ಣು ಒಂದೇ.

ಪಿಜಿ ಬಿಟ್ಟ ಹುಡುಗ, ಹಾಸನ

ನಮ್ಮಂಥವರ ಗತಿ ಏನು ಅಕ್ಕ? ಹಾಸನದಲ್ಲಿ ಬಾಡಿಗೆ ರೂಮು, ಬಚ್ಚಲು ಒಲೆ ಎಲ್ಲಿಂದ ತರಲಿ. ಇರುವುದು ಒಂದು ಗ್ಯಾಸ್ ಒಲೆ, ಒಂದು ಕುಕ್ಕರ್, ಅಮ್ಮ ಕೊಟ್ಟ ಹಳೇ ಮಿಕ್ಸಿ. ಮಿಕ್ಸಿ ನಿನ್ನೆ ಉದ್ದು ರುಬ್ಬುವಾಗ ನಿಂತೇ ಹೋಯಿತು. ಮುದ್ದೆ ಮಾಡಿದರೆ ಒಳಗೆ ಹಸಿ ಹಿಟ್ಟಿನ ಗಂಟು. ರೂಮ್‌ಮೇಟ್ ಅದಕ್ಕೆ "ಪಾಯಸದಲ್ಲಿ ದ್ರಾಕ್ಷಿ ಸಿಕ್ಕ ಹಾಗೆ ಸಿಗುತ್ತೆ ಮಗಾ" ಅಂತಾನೆ.

ಹಂಡೆ ಒಲೆ

ನಗು ಬಂತು ಕಣಪ್ಪ. ನಿನಗೆ ಕುಕ್ಕರೇ ಬಚ್ಚಲು ಒಲೆ. ಕುಕ್ಕರಿನಲ್ಲಿ ಕೈ ತಡೆಯುವಷ್ಟು ಬಿಸಿನೀರು ಹಾಕಿ ಅದರೊಳಗೆ ಹಿಟ್ಟಿನ ಪಾತ್ರೆ ಇಡು. ಮೇಲೊಂದು ದಪ್ಪ ಟವೆಲ್ ಹೊದಿಸು. ಮಲಗುವ ಮುಂಚೆ ಒಂದು ಸಲ ನೀರು ಬದಲಾಯಿಸು. ಥರ್ಮೋಕೋಲ್ ಡಬ್ಬ ಸಿಕ್ಕರೆ ಇನ್ನೂ ಒಳ್ಳೆಯದು, ಬಾಟಲಿಗೆ ಬಿಸಿನೀರು ತುಂಬಿ ಹಿಟ್ಟಿನ ಪಕ್ಕ ಇಟ್ಟು ಮುಚ್ಚಿಬಿಡು.

ಗುಜರಿ ಮಿಕ್ಸಿ

ಹುಡುಗಾ, ಮಿಕ್ಸಿಯನ್ನು ರಿಪೇರಿಗೆ ತಗೊಂಡು ಹೋಗುವ ಮುಂಚೆ ತಲೆಕೆಳಗು ಮಾಡಿ ನೋಡು. ತಳದಲ್ಲಿ ಒಂದು ಸಣ್ಣ ಬಟನ್ ಇರುತ್ತದೆ, ಸಾಮಾನ್ಯವಾಗಿ ಕೆಂಪು. ಮೋಟಾರಿಗೆ ಹೊರೆ ಜಾಸ್ತಿಯಾದರೆ ಅದು ಹೊರಗೆ ಹಾರಿ ಕರೆಂಟ್ ಕಡಿದುಬಿಡುತ್ತದೆ. ಪ್ಲಗ್ ತೆಗೆದು, ಕಾಲು ಗಂಟೆ ತಣ್ಣಗಾಗಲು ಬಿಟ್ಟು, ಬಟನ್ ಒಳಗೆ ಒತ್ತು. ಹತ್ತರಲ್ಲಿ ನಾಲ್ಕು ಮಿಕ್ಸಿ ನನ್ನ ಅಂಗಡಿಗೆ ಬರುವುದು ಇಷ್ಟಕ್ಕೇ. ಬಟನ್ ಒತ್ತಿ ಕೊಟ್ಟರೆ ದುಡ್ಡು ಕೇಳೋಕೆ ನನಗೇ ನಾಚಿಕೆ.

ಉದ್ದು ರುಬ್ಬುವಾಗ ಜಾರು ಅರ್ಧ ಮಾತ್ರ ತುಂಬಿ. ತಣ್ಣೀರು ಹಾಕಿ. ಒಂದು ನಿಮಿಷ ತಿರುಗಿಸಿ, ಒಂದು ನಿಮಿಷ ಬಿಡಿ. ಮಿಕ್ಸಿ ಗ್ರೈಂಡರ್ ಅಲ್ಲ, ಒಂದೇ ಸಮ ಓಡೋಕೆ ಅದು ಹುಟ್ಟಿಲ್ಲ. ಜಾರು ಗರ್ ಅಂತ ಸದ್ದು ಮಾಡಿ ಬ್ಲೇಡು ತಿರುಗದಿದ್ದರೆ ತಳದಲ್ಲಿ ಹಿಟ್ಟು ಒಣಗಿ ಕಚ್ಚಿರುತ್ತದೆ. ಬಿಸಿನೀರಲ್ಲಿ ಹತ್ತು ನಿಮಿಷ ಜಾರನ್ನು ಕೂರಿಸಿ, ಕೆಳಗಿನ ಕಪ್ಲರ್ ಹಿಡಿದು ಕೈಯಲ್ಲೇ ನಿಧಾನ ತಿರುಗಿಸಿದರೆ ಬಿಡುತ್ತದೆ. ಉಪ್ಪಿನ ಕಲ್ಲು ಹಾಕಿ ತಿರುಗಿಸಿದರೆ ಬ್ಲೇಡು ಹರಿತ ಆಗುತ್ತದೆ ಅಂತಾರೆ. ಜಿಡ್ಡು ಹೋಗುತ್ತದೆ, ಅಷ್ಟೇ. ಹರಿತ ಆಗಬೇಕಾದರೆ ಬ್ಲೇಡೇ ಬದಲಾಗಬೇಕು.

ಕುಕ್ಕರ್ ವಿಷಯಕ್ಕೆ ಬರುತ್ತೇನೆ, ಇದು ತಮಾಷೆಯಲ್ಲ. ಬೇಳೆ ಬೇಯಿಸುವಾಗ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಬೇಳೆ ನೊರೆ ಕಟ್ಟಿ ವಿಷಲ್ ತೂತಿಗೆ ಸಿಕ್ಕಿಕೊಳ್ಳುತ್ತದೆ. ಒಂದೆರಡು ತೊಟ್ಟು ಎಣ್ಣೆ ಬಿಟ್ಟರೆ ನೊರೆ ಇಳಿಯುತ್ತದೆ. ಮುಚ್ಚುವ ಮುಂಚೆ ತೂತನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆ ಬೆಳಕು ಕಾಣಬೇಕು. ಗ್ಯಾಸ್ಕೆಟ್ ಸಡಿಲವಾಗಿ ಬದಿಯಲ್ಲಿ ಆವಿ ಸೋರುತ್ತಿದ್ದರೆ ಹತ್ತು ನಿಮಿಷ ಫ್ರಿಜ್‌ನಲ್ಲೋ ಐಸ್ ನೀರಲ್ಲೋ ಇಟ್ಟರೆ ಅವತ್ತಿನ ಅಡುಗೆ ಮುಗಿಯುತ್ತದೆ. ಮಾರನೇ ದಿನ ಹೊಸದು ತನ್ನಿ. ಇನ್ನು ಸೇಫ್ಟಿ ವಾಲ್ವ್. ಒಬ್ಬರು ಅದು ಸೋರುತ್ತದೆ ಅಂತ ಎಂ-ಸೀಲ್ ಮೆತ್ತಿಕೊಂಡು ತಂದಿದ್ದರು. ಒಳಗೆ ಬಿಸಿ ಮಿತಿ ಮೀರಿದರೆ ಕರಗಲಿ ಅಂತಲೇ ವಾಲ್ವಿನೊಳಗೆ ಲೋಹ ಇಟ್ಟಿರುವುದು. ಅದನ್ನು ಮುಚ್ಚುವುದೂ ಒಂದೇ, ಬಾಂಬ್ ಕಟ್ಟಿಕೊಳ್ಳುವುದೂ ಒಂದೇ.

ಮುದ್ದೆ ಕೋಲು

ಅರಕಲಗೂಡು ಕಡೆಯವನು ನಾನು. ಮುದ್ದೆ ಗಂಟು ಅಂತ ಓದಿದ ಮೇಲೆ ಸುಮ್ಮನಿರೋಕೆ ಆಗಲ್ಲ.

ತಮ್ಮಾ, ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಹಿಟ್ಟು ಹೊಸದಾದರೆ ಇದರಲ್ಲೇ ಎರಡು ಚಮಚ ಕಡಿಮೆ ಮಾಡು. ಆ ನೀರಿನಲ್ಲಿ ಅರ್ಧ ಲೋಟ ತಣ್ಣಗಿರುವಾಗಲೇ ತೆಗೆದು ಒಂದು ಚಮಚ ಹಿಟ್ಟು ಕದಡಿಕೋ. ಉಳಿದ ನೀರು ಕಾದಾಗ ಇದನ್ನು ಸುರಿ. ತೆಳ್ಳನೆ ಅಂಬಲಿ ಹಾಗೆ ಆಗುತ್ತದೆ. ಉಪ್ಪು ಒಂದು ಕಲ್ಲು. ಅದು ಉಕ್ಕಿ ಬಂದಾಗ ಉರಿ ಸಣ್ಣ ಮಾಡಿ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿ.

ಎಲ್ಲರೂ ತಪ್ಪು ಮಾಡುವುದು ಇಲ್ಲಿಯೇ. ತಕ್ಷಣ ತಿರುವುತ್ತಾರೆ. ತಿರುವಬೇಡ! ಗುಡ್ಡೆ ಹಾಗೇ ಇರಲಿ. ಕೋಲಿನ ತುದಿಯಿಂದ ನಡುವೆ ಒಂದು ತೂತು ಮಾಡು, ಕೆಳಗಿನ ನೀರು ಅದರಲ್ಲಿ ಮೇಲೆ ಬಂದು ಪುಳಕ್ ಪುಳಕ್ ಅಂತ ಕುದಿಯಬೇಕು. ಐದು ನಿಮಿಷ ಹಾಗೇ ಬಿಡು. ಗುಡ್ಡೆಯ ಬಿಳಿಬಣ್ಣ ಹೋಗಿ ಒದ್ದೆ ಮಣ್ಣಿನ ಬಣ್ಣ ಬಂದಾಗ ಒಲೆಯಿಂದ ಇಳಿಸು. ಪಾತ್ರೆಯನ್ನು ಎರಡು ಪಾದದ ಮಧ್ಯೆ ಬಟ್ಟೆ ಕೊಟ್ಟು ಹಿಡಿದು, ಕೋಲನ್ನು ಪಾತ್ರೆಯ ಅಂಚಿಗೆ ಒತ್ತಿ ತೊಳಸು. ಗಂಟು ಒಡೆಯುವುದು ನಡುವಿನಲ್ಲಿ ಅಲ್ಲ, ಅಂಚಿನಲ್ಲಿ. ಆಮೇಲೆ ಕೈಯಲ್ಲಿ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ನಿಮಿಷ. ಇದು ಬಿಟ್ಟರೆ ಹಸಿ ವಾಸನೆ ಹೋಗಲ್ಲ.

ಬೆಂದಿದೆಯಾ ಅಂತ ನೋಡೋಕೆ ಬೆರಳು ಒದ್ದೆ ಮಾಡಿ ಮುಟ್ಟು. ಅಂಟಲಿಲ್ಲ ಅಂದರೆ ಆಯಿತು. ಉಂಡೆ ಕಟ್ಟುವಾಗ ತಟ್ಟೆಗೆ ನೀರು ಸವರು, ಕೆಲವರು ತುಪ್ಪ ಸವರುತ್ತಾರೆ, ಅವರವರ ಶ್ರೀಮಂತಿಕೆ.

ಪಾತ್ರೆ ತೊಳೆಯೋದು ಕಷ್ಟ ಅಂತ ಮುದ್ದೆ ಬಿಟ್ಟವರಿದ್ದಾರೆ. ಖಾಲಿಯಾದ ತಕ್ಷಣ ತಣ್ಣೀರು ತುಂಬಿ ಇಟ್ಟುಬಿಡು. ಬಿಸಿನೀರಲ್ಲ, ತಣ್ಣೀರು. ಸಂಜೆಗೆ ಸಿಪ್ಪೆ ಎದ್ದ ಹಾಗೆ ಎದ್ದು ಬರುತ್ತದೆ.

ಪಿಜಿ ಬಿಟ್ಟ ಹುಡುಗ, ಹಾಸನ

ಮಿಕ್ಸಿ ಬಟನ್ ಒತ್ತಿದೆ. ಓಡುತ್ತಿದೆ!! ಗುಜರಿ ಅಣ್ಣ, ನಿಮ್ಮ ಕಾಲಿಗೆ ಬಿದ್ದೆ. ಮುದ್ದೆ ರಾತ್ರಿಗೆ. ಇನ್ನೊಂದು, ನಮ್ಮ ಬಿಲ್ಡಿಂಗಿನ ಬೋರ್ ನೀರಲ್ಲಿ ಬೇಳೆ ಬೇಯುವುದೇ ಇಲ್ಲ, ಆರು ವಿಷಲ್ ಕೂಗಿಸಿದರೂ ಕಾಳುಕಾಳು.

ರಸಾಯನ ಮೇಷ್ಟ್ರು

ಗಡಸು ನೀರು. ಅದರ ಸುಣ್ಣದ ಅಂಶ ಬೇಳೆಯ ಸಿಪ್ಪೆ, ತಿರುಳನ್ನು ಬಿಗಿ ಮಾಡುತ್ತದೆ. ಬೇಳೆಗೆ ಮಾತ್ರ ಕುಡಿಯುವ ನೀರು ಹಾಕು. ಅರ್ಧ ಗಂಟೆ ನೆನೆಸು. ಹುಣಸೆಹುಳಿ, ಟೊಮೇಟೊ ಬೇಳೆ ಬೆಂದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಬೇಳೆ ಹಟ ಹಿಡಿಯುತ್ತದೆ.

ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ನಮ್ಮ ಕಡೆ ಇನ್ನೊಂದು ಕಾರಣವೂ ಸೇರುತ್ತದೆ. 300 ಮೀಟರ್ ಮೇಲೆ ಹೋದ ಹಾಗೆ ನೀರು ಕುದಿಯುವ ಬಿಸಿ ಸುಮಾರು 1 ಡಿಗ್ರಿ ಇಳಿಯುತ್ತದೆ. ಚಿಕ್ಕಮಗಳೂರು ಪೇಟೆ 1,000 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿ ತುದಿಯಲ್ಲಿ ಒಲೆ ಹೂಡಿದರೆ 94ರ ಹತ್ತಿರ. ಅದಕ್ಕೇ ತೆರೆದ ಪಾತ್ರೆಯಲ್ಲಿ ಬೇಳೆ, ಕಡಲೆಕಾಳು ಬೇಯಲು ಮಂಗಳೂರಿಗಿಂತ ಇಲ್ಲಿ ಹೊತ್ತು ಜಾಸ್ತಿ. ಕುಕ್ಕರ್ ಒಳಗೆ 120ರ ಹತ್ತಿರ ಹೋಗುವುದರಿಂದ ಅಲ್ಲಿ ಈ ತೊಂದರೆ ಇಲ್ಲ.

ಕಾಫಿ ಕಣ

ಕಾಫಿ ಪುಡಿ ಹೆಂಟೆ ಕಟ್ಟಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಚಿಕ್ಕಮಗಳೂರಿನವರಾಗಿ ನಾಚಿಕೆ ಆಗಬೇಕು ನಮಗೆ.

ನೀರು ಎಳೆಯುವುದರಲ್ಲಿ ಚಿಕೋರಿ ಮುಂದು. ಚಿಕೋರಿ ಬೆರೆಸಿದ ಪುಡಿ ಮಳೆಗಾಲದಲ್ಲಿ ಅರ್ಧ ಕೆಜಿ, ಒಂದು ಕೆಜಿ ತರಬೇಡಿ. ವಾರಕ್ಕಾಗುವಷ್ಟು, 100–200 ಗ್ರಾಂ ಪುಡಿ ಮಾಡಿಸಿ ತನ್ನಿ. ಸ್ಟೀಲ್ ಡಬ್ಬಿಗೆ ಒತ್ತಿ ತುಂಬಿ. ಫ್ರಿಜ್ಜಿನಲ್ಲಿ ಇಡುವವರಿದ್ದಾರೆ. ದಿನಕ್ಕೆ ನಾಲ್ಕು ಸಲ ಹೊರಗೆ ತೆಗೆದರೆ ನಾಲ್ಕು ಸಲವೂ ತಣ್ಣನೆ ಪುಡಿಯ ಮೇಲೆ ಗಾಳಿಯ ನೀರು ಕೂರುತ್ತದೆ. ಒದ್ದೆ ಚಮಚದ ಕಥೆ ಹೇಳುವುದೇ ಬೇಡ.

ಡಿಕಾಕ್ಷನ್ ಇಳಿಯುತ್ತಿಲ್ಲ ಅಂದರೆ ಪುಡಿಯನ್ನು ಬೈಯುವ ಮುಂಚೆ ಫಿಲ್ಟರ್ ಮೇಲಿನ ಲೋಟವನ್ನು ಕಿಟಕಿಗೆ ಹಿಡಿದು ನೋಡಿ. ಅರ್ಧ ತೂತು ಮುಚ್ಚಿರುತ್ತದೆ. ಸ್ಟೀಲಿನದಾದರೆ ಇಕ್ಕಳದಲ್ಲಿ ಹಿಡಿದು ತಳವನ್ನು ಗ್ಯಾಸ್ ಉರಿಗೆ ಒಂದು ನಿಮಿಷ ತೋರಿಸಿ. ಹಳೇ ಪುಡಿ ಸುಟ್ಟು ಕರ್ರಗೆ ಹೊಗೆ ಬರುತ್ತದೆ. ತಣ್ಣಗಾದ ಮೇಲೆ ತಟ್ಟಿದರೆ ತೂತೆಲ್ಲ ಸಾಫು. ಹಿತ್ತಾಳೆ ಫಿಲ್ಟರಿಗೆ ಇದು ಬೇಡ, ಸೂಜಿಯೇ ಗತಿ.

ಕುದಿಯುವ ನೀರು ಹಾಗೇ ಸುರಿಯಬೇಡಿ. ಇಳಿಸಿ ಅರ್ಧ ನಿಮಿಷ ಬಿಟ್ಟು, ಮೊದಲು ಎರಡು ಚಮಚ ಮಾತ್ರ ಚಿಮುಕಿಸಿ, ಪುಡಿ ಉಬ್ಬಲಿ. ಆಮೇಲೆ ಉಳಿದದ್ದು.

ಕೊಪ್ಪದ ಸೊಸೆ

ನಾನೂ ನಿಮ್ಮ ಹಾಗೇ ಬಯಲುಸೀಮೆಯಿಂದ ಬಂದವಳು, 11 ವರ್ಷ ಆಯಿತು. ನಿಜ ಹೇಳಲಾ? ಮಳೆಗಾಲದಲ್ಲಿ ಇಡ್ಲಿ ದೋಸೆ ಹಟ ಬಿಟ್ಟುಬಿಡಿ. ಇಲ್ಲಿಯವರು ಹಿಟ್ಟಿನ ಜೊತೆ ಜಗಳ ಆಡುವುದಿಲ್ಲ, ಕಡುಬು ಮಾಡುತ್ತಾರೆ. ಅಕ್ಕಿತರಿ ಒಂದು ಲೋಟ, ನೀರು ಎರಡೂವರೆ. ತರಿಯನ್ನು ಮೊದಲು ಬಿಸಿಯಾಗುವಷ್ಟು ಹುರಿದುಕೊಂಡರೆ ಅಂಟಾಗಲ್ಲ. ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ, ಕುದಿ ಬಂದಾಗ ತರಿ ಸುರಿದು ಸಣ್ಣ ಉರಿಯಲ್ಲಿ ಮುಚ್ಚಿ. ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ಹಬೆಯಲ್ಲಿ ಕಾಲು ಗಂಟೆ. ಹುದುಗೂ ಬೇಡ, ಬಚ್ಚಲು ಒಲೆಯೂ ಬೇಡ. ಕರೆಂಟ್ ಹೋದರೂ ತಿಂಡಿ ನಿಲ್ಲಲ್ಲ, ಅದು ದೊಡ್ಡದು ಅಲ್ವಾ?

ಈಗ ಪತ್ರೊಡೆ ಕಾಲ. ಕೆಸುವಿನ ಎಲೆ ಕೈ ತುರಿಸುತ್ತದೆ ಅಂತ ಹೆದರಬೇಡಿ. ಎಲೆ ತೊಳೆದ ಮೇಲೆ ಪೂರ್ತಿ ಒರೆಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ನಾರು ತೆಗೆಯಿರಿ. ಅರೆಯುವ ಹಿಟ್ಟಿಗೆ ಹುಣಸೆಹುಳಿ ಕೈ ಬಿಟ್ಟು ಹಾಕಿ, ಚೆನ್ನಾಗಿ ಬೇಯಿಸಿ. ಜಿಪುಣತನ ಮಾಡಿದರೆ ಗಂಟಲು ಹೇಳುತ್ತದೆ. ಸುವರ್ಣಗೆಡ್ಡೆಯೂ ಹಾಗೇ, ಒಣಗಿದ ಕೈ, ಒಣಗಿದ ಗೆಡ್ಡೆ, ಹೆಚ್ಚಿದ ಮೇಲೆ ತೊಳೆಯೋದು.

ಹಲಸಿನಕಾಯಿ ಕೊಯ್ಯುವಾಗ ಚಾಕುವಿಗೆ, ಕೈಗೆ, ಕೆಳಗೆ ಹಾಸಿದ ಪೇಪರಿಗೂ ಎಣ್ಣೆ. ಮೇಣ ಹತ್ತಿದ ಮೇಲೆ ಸೋಪು ಹಾಕಬೇಡಿ, ಮತ್ತೆ ಎಣ್ಣೆಯೇ. ಹಲಸಿನ ಬೀಜವನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಇಟ್ಟರೆ ಮಳೆಗಾಲ ಪೂರ್ತಿ ಬರುತ್ತದೆ.

ಕಳಲೆ, ಅಂದರೆ ಎಳೆ ಬಿದಿರಿನ ಮೊಳಕೆ, ಯಾರಾದರೂ ತಂದುಕೊಟ್ಟರೆ ಅವತ್ತೇ ಬೇಯಿಸಿ ತಿನ್ನಬೇಡಿ, ಇದು ಮುಖ್ಯ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ತೆಳ್ಳಗೆ ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಚೆಲ್ಲಿ ಹೊಸ ನೀರು. ಆಮೇಲೆ ಬೇಯಿಸಿ, ಆ ನೀರನ್ನೂ ಚೆಲ್ಲಿ. ಗೊತ್ತಿಲ್ಲದ ಅಣಬೆಗೆ ಯಾವ ಉಪಾಯವೂ ಇಲ್ಲ, ಬೇಡ ಅನ್ನುವುದೇ ಉಪಾಯ.

ಅರಸೀಕೆರೆ ಹುಡುಗಿ

ಇಷ್ಟೆಲ್ಲ ಓದಿ ಖುಷಿಯಾಯಿತು. ಬಚ್ಚಲು ಒಲೆ ಅಂತ ಹೊಳೆಯಲೇ ಇಲ್ಲ ನನಗೆ. ಇವತ್ತು ರಾತ್ರಿಯೇ ಇಡುತ್ತೇನೆ. ಅಟ್ಟದಲ್ಲಿ ಮರಿಗೆಯೂ ಸಿಕ್ಕಿತು, ಒಳಗೆ ಇಲಿ ಸಂಸಾರ ಇತ್ತು, ತೊಳೆದು ಒಣಗಿಸುತ್ತಿದ್ದೇನೆ. ಅಕ್ಕಿಯಲ್ಲಿ ನುಸಿ, ಹುಳ ಬಂದಿದೆ. ಬೇವಿನ ಎಲೆ ಹಾಕಿದ್ದೇನೆ, ಹುಳಗಳು ಅದರ ಮೇಲೆಯೇ ಓಡಾಡುತ್ತಿವೆ.

ಮುದ್ದೆ ಕೋಲು

ಹಸಿ ಎಲೆ ಹಾಕಿರಬೇಕು. ಅದರ ತೇವಕ್ಕೆ ಇನ್ನೂ ಹುಳ ಬರುತ್ತದೆ. ನೆರಳಲ್ಲಿ ಒಣಗಿದ ಎಲೆ ಹಾಕಬೇಕು. ಅದೂ ಹುಳ ಬರುವ ಮುಂಚೆ.

ಗುಜರಿ ಮಿಕ್ಸಿ

ನಮ್ಮನೆಯಲ್ಲಿ ಒಣಮೆಣಸಿನಕಾಯಿ ಹಾಕುತ್ತೇವೆ. ಹುಳ ಖಾರ ತಿಂದು ಇನ್ನೂ ಗಟ್ಟಿಯಾಗಿವೆ.

ರಸಾಯನ ಮೇಷ್ಟ್ರು

ಎಲೆ, ಮೆಣಸಿನಕಾಯಿ ಹೊಸ ಹುಳ ಬರುವುದನ್ನು ಸ್ವಲ್ಪ ತಡೆಯಬಹುದು. ಕಾಳಿನ ಒಳಗಿರುವ ಮೊಟ್ಟೆಗೆ ಏನೂ ಮಾಡವು. ಬಿಸಿಲಿದ್ದರೆ ಒಣಗಿಸಬಹುದು, ಮೂಡಿಗೆರೆಯಲ್ಲಿ ಜುಲೈ ಬಿಸಿಲು ಕೇಳುವುದು ತಪ್ಪು. ಐದೈದು ಕೆಜಿ ಕಟ್ಟಿ ಫ್ರೀಜರ್‌ನಲ್ಲಿ ನಾಲ್ಕೈದು ದಿನ ಇಡಿ, ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ ಪೂರ್ತಿ ರೂಮಿನ ಬಿಸಿಗೆ ಬರಲಿ, ಇಲ್ಲದಿದ್ದರೆ ಅಕ್ಕಿಯ ಮೇಲೆ ನೀರು ಕೂರುತ್ತದೆ. ಬೇಳೆಗೆ ನಮ್ಮಜ್ಜಿಯ ಕಾಲದ ಹರಳೆಣ್ಣೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಕೆಜಿಗೆ ಒಂದು ಚಮಚ, ಕೈಯಲ್ಲಿ ಉಜ್ಜಿ ಇಡಿ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ಹೋಗುತ್ತದೆ.

ಬೂಷ್ಟಿನ ಬಗ್ಗೆ ಒಂದು ಎಚ್ಚರಿಕೆ. ಮಣೆ, ಬುಟ್ಟಿಯ ಬೂಷ್ಟು ಒರೆಸಬಹುದು. ಕಡಲೆಕಾಯಿ ಬೀಜ, ಕೊಬ್ಬರಿ, ಬ್ರೆಡ್ಡಿಗೆ ಬಂದರೆ ಮೇಲಿನದು ಕೆರೆದು ತಿನ್ನಬೇಡಿ. ಕಡಲೆಕಾಯಿಯ ಕೆಲವು ಬೂಷ್ಟು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ.

ಹಂಡೆ ಒಲೆ

ಮಣೆಯನ್ನು ಉಪ್ಪು, ನಿಂಬೆಹೋಳು ಹಾಕಿ ಉಜ್ಜಿ, ಒಲೆ ಹತ್ತಿರ ಪೂರ್ತಿ ಒಣಗಿಸಿ, ಆಮೇಲೆ ಕೊಬ್ಬರಿ ಎಣ್ಣೆ ತೆಳುವಾಗಿ. ಗೋಡೆಗೆ ತಾಗಿಸಿ ಒರಗಿಸಬೇಡಿ, ನಿಮ್ಮ ಬೂಷ್ಟು ಗೋಡೆಯಿಂದಲೇ ಬಂದಿರುವುದು. ಕಾವಲಿಗೆ ತೊಳೆದ ತಕ್ಷಣ ಒಲೆ ಮೇಲಿಟ್ಟು ನೀರು ಹಾರಿಸಿ, ಬಿಸಿ ಇರುವಾಗಲೇ ಬದನೆಕಾಯಿ ತೊಟ್ಟಿನಲ್ಲಿ ಎಣ್ಣೆ ಸವರಿ. ತೊಟ್ಟು ಎಸೆಯಬೇಡಿ, ಎಣ್ಣೆ ಬಟ್ಟಲಲ್ಲೇ ಇರಲಿ, ಒಂದು ತೊಟ್ಟು ಮೂರು ದಿನ ಬರುತ್ತದೆ.

ತೆಂಗಿನಕಾಯಿ ಒಡೆದರೆ ಕಣ್ಣಿರುವ ಹೋಳು ಮೊದಲು ಖರ್ಚು ಮಾಡಿ, ಅದು ಬೇಗ ಕೆಡುತ್ತದೆ. ಆದರೆ ತೆಂಗಿನಕಾಯಿ ವಿಷಯ ಅರಸೀಕೆರೆಯವರಿಗೆ ನಾನು ಹೇಳುವುದೇ!

ಗುಜರಿ ಮಿಕ್ಸಿ

ಗ್ಯಾಸ್ ಬಗ್ಗೆ ಬರೆಯೋಕೆ ಮರೆತೆ. ಉರಿ ನೀಲಿ ಬದಲು ಹಳದಿ, ಪಾತ್ರೆ ತಳ ಕಪ್ಪು ಅಂದರೆ ಬರ್ನರ್ ತೂತು ಕಟ್ಟಿದೆ. ಹಿತ್ತಾಳೆ ಬರ್ನರ್ ಆದರೆ ಹುಣಸೆ ಬಿಸಿನೀರಲ್ಲಿ ಒಂದು ಗಂಟೆ ಬಿಟ್ಟು, ಪಿನ್ನಿನಲ್ಲಿ ಚುಚ್ಚಿ, ಪೂರ್ತಿ ಒಣಗಿದ ಮೇಲೆ ಹಾಕಿ. ಸಿಲಿಂಡರ್ ಬದಲಾಯಿಸಿದಾಗಲೆಲ್ಲ ಸೋಪಿನ ನೊರೆ ಹಚ್ಚಿ ನೋಡಿ, ಬೆಂಕಿಕಡ್ಡಿಯಲ್ಲಿ ನೋಡುವ ಪುಣ್ಯಾತ್ಮರು ಇನ್ನೂ ಇದ್ದಾರೆ. ಕಿತ್ತಳೆ ಬಣ್ಣದ ರಬ್ಬರ್ ಪೈಪಿನ ಮೇಲೆ ವರ್ಷ ಬರೆದಿರುತ್ತದೆ, 5 ವರ್ಷಕ್ಕೆ ಬದಲಾಯಿಸಬೇಕು. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕಾಫಿ ಕಣ

ಬೆಳ್ಳುಳ್ಳಿ ಬಗ್ಗೆ ಯಾರೂ ಹೇಳಲಿಲ್ಲ. ಎಸಳು ಬಿಡಿಸಿ ಬಿಸಿನೀರಲ್ಲಿ ಹತ್ತು ನಿಮಿಷ. ಸಿಪ್ಪೆ ಬೆರಳಿಗೇ ಬರುತ್ತದೆ. ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸುವುದು ಕೈನೋವಿಗೆ ದಾರಿ. ಶುಂಠಿಗೆ ಚಾಕು ಬೇಡ, ಚಮಚದ ಅಂಚು ಸಾಕು.

ಅರಸೀಕೆರೆ ಹುಡುಗಿ

ಎರಡು ದಿನ ಕರೆಂಟ್ ಇರಲಿಲ್ಲ, ಈಗ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರಕ್ಕೆ ಬಚ್ಚಲಿಗೆ ಹೋದರೆ ತಟ್ಟೆ ಮೇಲೆದ್ದಿದೆ! ಹಿಟ್ಟು ಪಾತ್ರೆ ದಾಟಿ ಗೋಣಿಚೀಲದ ಮೇಲೆಲ್ಲ ಇಳಿದಿದೆ. ಅರ್ಧ ಮಾತ್ರ ತುಂಬಿ ಅಂತ ನೀವು ಹೇಳಿದ್ದು ನಾನು ಮುಕ್ಕಾಲು ತುಂಬಿದ್ದೆ. ನಮ್ಮೆಜಮಾನರು ಸ್ನಾನಕ್ಕೆ ಬಂದವರು "ಇದೇನು, ಹಂಡೆಗೆ ದೋಸೆ ಹುಯ್ದಿದ್ದೀಯಾ" ಅಂತ ಕೇಳಿದರು. ಉಳಿದದ್ದರಲ್ಲಿ 14 ದೋಸೆ ಆಯಿತು.

ಅತ್ತೆಗೆ ಫೋನ್ ಮಾಡಿ ಹೇಳಿದೆ. ಅವರು ನಕ್ಕು, "ನಾನು ಮೊದಲೇ ಹೇಳಿದ್ನಲ್ಲ, ಒಲೆ ಹತ್ತಿರ ಇಡು ಅಂತ" ಅಂದರು.

ಪಿಜಿ ಬಿಟ್ಟ ಹುಡುಗ, ಹಾಸನ

ನನ್ನದೂ ವರದಿ: ಮುದ್ದೆಯಲ್ಲಿ ಇವತ್ತು ಒಂದೇ ದ್ರಾಕ್ಷಿ.

ಮುದ್ದೆ ಕೋಲು

ತೂತು ಮಾಡಿ ಐದು ನಿಮಿಷ ಬಿಟ್ಟೆಯಾ, ಅಥವಾ ಮೂರಕ್ಕೇ ಕೈ ಹಾಕಿದೆಯಾ?

ಪಿಜಿ ಬಿಟ್ಟ ಹುಡುಗ, ಹಾಸನ

ಮೂರು.